ಒಳ್ಳೆಯ ಕಾಡಿನಿಂದ ಕಳೆಯ ಕಡೆಗೆ

ಕಳೆ ತೆಗೆಯಲು ಹೊರಟಾಗ ನಾವು ಎಲ್ಲಿಂದ ಶುರು ಮಾಡುತ್ತೇವೆ? ಅದು ಹೆಚ್ಚು ಹಬ್ಬಿರುವ ಕಡೆಯಿಂದ. 1960ರ ದಶಕದಲ್ಲಿ ಸಿಡ್ನಿಯ ಮೋಸ್ಮನ್‌ನಲ್ಲಿದ್ದ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸಹೋದರಿಯರು ಈ ಲೆಕ್ಕವನ್ನೇ ತಿರುಗಿಸಿದರು. ಕಾಡು ಚೆನ್ನಾಗಿ ಉಳಿದಿರುವ ಜಾಗದಲ್ಲಿ ಮೊದಲು ಕೂತರು. ಅಲ್ಲಿದ್ದ ನಾಲ್ಕಾರು ಕಳೆಗಿಡ ಕಿತ್ತು, ಕೆದರಿದ ಮಣ್ಣಿಗೆ ತರಗೆಲೆ ಮತ್ತೆ ಹೊದಿಸಿ, ಮೆಲ್ಲಗೆ ಕೆಟ್ಟ ಜಾಗದತ್ತ ಸರಿದರು. ಅಲ್ಲಿನ ಮೂಲ ಗಿಡಗಳು ಮರಳಿ ಬರುವ ವೇಗವೇ ಅವರ ಕೆಲಸದ ವೇಗ. ಒಂದೇ ಸಲ ಬಯಲು ಮಾಡಿದರೆ ಬರಿ ಮಣ್ಣಿಗೆ ಮೊದಲು ನುಗ್ಗುವುದು ಕಳೆಯೇ. ಎಂಥ ತಾಳ್ಮೆ ಅದು!

ಸಿಡ್ನಿಯ ಕಾಡನ್ನು ಕಾಡುವ ಲಂಟಾನವೇ ನಮ್ಮ ಬಂಡೀಪುರ, ಬಿಳಿಗಿರಿರಂಗನ ಬೆಟ್ಟವನ್ನೂ ಮುಸುಕಿದೆ. ಅಮೆರಿಕ ಖಂಡದಿಂದ ತೋಟದ ಅಲಂಕಾರಕ್ಕೆಂದು ತಂದ ಹೂಗಿಡ, ಇಂದು ಆನೆ, ಜಿಂಕೆಗಳ ಹುಲ್ಲನ್ನೇ ನುಂಗುತ್ತಿದೆ. ಬರಿದೇ ಸವರಿದರೆ ಮುಂದಿನ ಮಳೆಗೆ ಬುಡದಿಂದಲೇ ಮತ್ತೆ ಚಿಗುರುತ್ತದೆ. ಯಂತ್ರ ಇಳಿಸುವ ಮುನ್ನ ಈ ಕಾಡಿನಲ್ಲೇ ಬಾಳಿದ ಸೋಲಿಗ ಬುಡಕಟ್ಟಿನ ಹಿರಿಯರನ್ನು ಕೇಳೋಣ, ಇನ್ನೂ ಕೆಡದ ಕಾಡು ಎಲ್ಲಿ ಉಳಿದಿದೆ ಎಂದು. ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.