ಓಟು ಮಕ್ಕಳದು, ಪಟ್ಟಿ ದೊಡ್ಡವರದು

ಪ್ರಶಸ್ತಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಶಾಲು, ಹಾರ, ಮೈಸೂರು ಪೇಟ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಪುಸ್ತಕ ಬರುವುದು ಆಮೇಲೆ, ಬಂದರೆ. ಕೊಡುವವರಿಗೂ ಅರವತ್ತು, ತೆಗೆದುಕೊಳ್ಳುವವರಿಗೂ ಅರವತ್ತು, ಮುಂದಿನ ಸಾಲಿನಲ್ಲಿ ಕೂತು ತೂಕಡಿಸುವವರಿಗೆ ಎಪ್ಪತ್ತು. ಇಂಥ ಲೋಕದಲ್ಲಿ ಮೀಸೆ ಚಿಗುರದ ಹುಡುಗರು ‘ಈ ವರ್ಷದ ಕಾದಂಬರಿ ಇದು’ ಎಂದು ತೀರ್ಪು ಕೊಟ್ಟು, ಬರೆದವರು ಅದನ್ನು ಕೈಮುಗಿದು ಸ್ವೀಕರಿಸುತ್ತಾರೆ ಅಂದರೆ ನಂಬುತ್ತೀರಾ?

ನಂಬಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ ಹೈಸ್ಕೂಲು ಮಕ್ಕಳು ಓಟು ಹಾಕಿ ಕೊಡುವ ಒಂದು ಪ್ರಶಸ್ತಿಯಿದೆ. ಹೆಸರು ಎಲಿಯಟ್ ರೋಸ್‌ವಾಟರ್. ಮುದ್ದಿನ ಹೆಸರು ರೋಸಿ. ಯಾರಪ್ಪಾ ಈ ಮಹನೀಯ, ಶಿಕ್ಷಣ ತಜ್ಞನೋ ದಾನಿಯೋ ಎಂದು ಹುಡುಕಲು ಹೋದರೆ ಅಂಥ ಮನುಷ್ಯನೇ ಇಲ್ಲ! ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಕರ್ಟ್ ವಾನಗಟ್ 1965ರಲ್ಲಿ ಬರೆದ ಕಾದಂಬರಿಯ ನಾಯಕ ಅವನು. ಕೋಟ್ಯಧೀಶ, ಮಹಾ ಕುಡುಕ, ಬೆಂಕಿ ಆರಿಸುವ ದಳ ಎಂದರೆ ಪ್ರಾಣ, ಬಡಬಗ್ಗರು ಕೇಳಿದರೆ ಇಲ್ಲವೆನ್ನದ ಆಸಾಮಿ. ಹೈಸ್ಕೂಲು ಪ್ರಶಸ್ತಿಗೆ ಕುಡುಕನ ಹೆಸರೇ? ನಮ್ಮಲ್ಲಾಗಿದ್ದರೆ ಮಾರನೆಯ ದಿನವೇ ಮನವಿಪತ್ರ ಸಿದ್ಧವಾಗುತ್ತಿತ್ತು. ಆದರೆ ಇದೇ ರೋಸ್‌ವಾಟರ್ ವಾನಗಟ್‌ನ ‘ಸ್ಲಾಟರ್‌ಹೌಸ್ ಫೈವ್’ ಕಾದಂಬರಿಯಲ್ಲೂ ತಲೆಹಾಕುತ್ತಾನೆ. ಅಲ್ಲಿ ಅವನು ಆಸ್ಪತ್ರೆಯ ಮಂಚದಲ್ಲಿ ಮಲಗಿರುವ ಮಾಜಿ ಸೈನಿಕ. ಪಕ್ಕದ ಮಂಚದಲ್ಲಿ, ಯುದ್ಧದಿಂದ ಮನಸ್ಸು ಮುರಿದುಕೊಂಡು ಬಂದ ಇನ್ನೊಬ್ಬ. ರೋಸ್‌ವಾಟರ್ ಅವನಿಗೆ ತನ್ನ ಬಳಿ ರಾಶಿ ಬಿದ್ದಿದ್ದ ಅಗ್ಗದ ವೈಜ್ಞಾನಿಕ ಕಾದಂಬರಿಗಳ ರುಚಿ ಹತ್ತಿಸುತ್ತಾನೆ. ‘ಇದನ್ನು ಓದು’ ಎಂದು ಪಕ್ಕದವನಿಗೆ ದಾಟಿಸುವ ಮನುಷ್ಯ! ಓದುಗರ ಪ್ರಶಸ್ತಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿಂದ ತರೋಣ?

ಆ ಕಾದಂಬರಿಯ ಮಾತು ಬಂತಲ್ಲ, 1973ರಲ್ಲಿ ಉತ್ತರ ಡಕೋಟಾದ ಡ್ರೇಕ್ ಎಂಬ ಸಣ್ಣ ಊರಿನಲ್ಲಿ ಅದರ ಪ್ರತಿಗಳನ್ನು ಶಾಲೆಯ ಒಲೆಗೇ ಹಾಕಿ ಸುಟ್ಟರು. ಹುಡುಗರು ಕೆಟ್ಟುಹೋಗುತ್ತಾರಂತೆ. ಒಂದು ರಾಜ್ಯದ ಹಿರಿಯರು ಪುಸ್ತಕ ಸುಟ್ಟ ಲೇಖಕನ ಪಾತ್ರದ ಹೆಸರಿನಲ್ಲಿ ಇನ್ನೊಂದು ರಾಜ್ಯದ ಮಕ್ಕಳು ಓಟು ಹಾಕುತ್ತಾರೆ. ಹಿರಿಯರ ತೀರ್ಪಿಗೆ ಆಯುಸ್ಸು ಎಷ್ಟು ಎಂದು ಇದರಿಂದ ನೀವೇ ಲೆಕ್ಕ ಹಾಕಿ.

ಹಾಗಂತ ಹಿರಿಯರು ಅಲ್ಲಿ ಸುಮ್ಮನೆ ಕೂರುತ್ತಾರೆಯೇ? ಎಲ್ಲಾದರೂ ಉಂಟೆ! ಕೆನಡಾದ ಒಂಟಾರಿಯೋದಲ್ಲಿ ‘ವೈಟ್ ಪೈನ್’ ಎಂಬ ಪ್ರಶಸ್ತಿಯಿದೆ. ಹತ್ತು ಪುಸ್ತಕಗಳ ಪಟ್ಟಿ. ಐದನ್ನಾದರೂ ಓದಿದ ಹೈಸ್ಕೂಲು ಮಕ್ಕಳಿಗೆ ಮಾತ್ರ ಓಟು. ಪಟ್ಟಿ ಮಾಡುವವರು ಗ್ರಂಥಾಲಯದ ದೊಡ್ಡವರು. ಜಾತಕ, ಗೋತ್ರ, ಸಂಬಳ ಎಲ್ಲ ತಾವೇ ನೋಡಿ ಮುಗಿಸಿ, ಕೊನೆಗೆ ‘ಹುಡುಗೀನ ನೀನೇ ಒಪ್ಪಬೇಕಪ್ಪ, ನಮ್ಮ ಬಲವಂತ ಏನೂ ಇಲ್ಲ’ ಅನ್ನುವ ನಮ್ಮ ಸೋದರಮಾವಂದಿರ ಹಾಗೆ! ಆದರೂ ಆ ‘ಐದು ಓದಿರಬೇಕು’ ಎಂಬ ನಿಯಮ ನನಗೆ ಬಹಳ ಹಿಡಿಸಿತು. ಇದನ್ನು ದೊಡ್ಡವರ ತೀರ್ಪುಗಾರ ಮಂಡಳಿಗಳಿಗೂ ಅನ್ವಯಿಸಿದರೆ ಎಷ್ಟು ಕುರ್ಚಿ ಖಾಲಿಯಾದಾವು? ಬೇಡ ಬಿಡಿ, ಆ ಲೆಕ್ಕ ನಮಗ್ಯಾಕೆ.

ಫ್ರಾನ್ಸಿನವರದು ಇನ್ನೂ ಒಂದು ಕೈ ಮೇಲೆ. ಅಲ್ಲಿಯ ಗೊನ್ಕೂರ್ ಪ್ರಶಸ್ತಿಯನ್ನು ಹತ್ತು ಜನ ಹಿರಿಯರು ಪ್ಯಾರಿಸ್ಸಿನ ದ್ರುವಾಂ ಎಂಬ ಹೋಟೆಲಿನಲ್ಲಿ ಊಟದ ಮೇಜಿನ ಸುತ್ತ ಕೂತು ತೀರ್ಮಾನಿಸುತ್ತಾರೆ. ಬಹುಮಾನದ ಚೆಕ್ಕು ಬರೀ 10 ಯೂರೋ. ಊಟದ ಬಿಲ್ಲೇ ಅದಕ್ಕಿಂತ ಜಾಸ್ತಿ ಇದ್ದೀತು. 1988ರಿಂದ ಅದೇ ಪಟ್ಟಿಯನ್ನು ಹೈಸ್ಕೂಲು ಮಕ್ಕಳ ಕೈಗೂ ಕೊಡುವ ಸಂಪ್ರದಾಯ ಶುರುವಾಯಿತು. ಈಗ ಸುಮಾರು 2,000 ಹುಡುಗ ಹುಡುಗಿಯರು ಸುಮಾರು ಎರಡು ತಿಂಗಳಲ್ಲಿ ಅಷ್ಟೂ ಕಾದಂಬರಿಗಳನ್ನು ಓದಿ, ಜಗಳವಾಡಿ, ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತಾರೆ. ಮಕ್ಕಳಿಗೆಂದು ಬರೆದ ಪುಸ್ತಕಗಳಲ್ಲ, ದೊಡ್ಡವರ ಗಟ್ಟಿ ಕಾದಂಬರಿಗಳೇ. ಮೊದಲ ವರ್ಷ ಎರಡೂ ಕಡೆ ಗೆದ್ದದ್ದು ಎರಿಕ್ ಒರ್ಸೆನ್ನಾ. ಮುಂದೆ ಮಕ್ಕಳು ಬಹುಮಟ್ಟಿಗೆ ತಮ್ಮ ದಾರಿ ತಾವು ಹಿಡಿದರು. ಹಿಡಿಯದಿದ್ದರೆ ಅವರು ಹದಿಹರೆಯದವರು ಹೇಗಾದಾರು?

ನಮ್ಮ ಕಡೆ ಏನು ಅನ್ನುತ್ತೀರಾ? ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿತು. ಕನ್ನಡಕ್ಕೆ ಮೊದಲ ವರ್ಷ ಬಂದದ್ದು ಬೊಳುವಾರು ಮಹಮದ್ ಕುಂಞಿಯವರ ಗಾಂಧೀಜಿ ಕುರಿತ ಪುಸ್ತಕಕ್ಕೆ, ಒಳ್ಳೆಯ ಆಯ್ಕೆಯೇ. ತೀರ್ಪು ಮಾತ್ರ ದೊಡ್ಡವರದು. ಹತ್ತನೇ ಕ್ಲಾಸಿನ ನನ್ನ ಅಕ್ಕನ ಮಗಳಿಗೆ ಒಮ್ಮೆ ನಾನೇ ಆರಿಸಿ ಒಂದು ಪುಸ್ತಕ ಕೊಟ್ಟೆ. ಎರಡು ದಿನಕ್ಕೆ ವಾಪಸ್ ಬಂತು. ‘ಮಾವ, ಇದರಲ್ಲಿ ಎಲ್ಲರೂ ಒಳ್ಳೆಯವರೇ. ಒಬ್ಬರಾದರೂ ಒಂದು ಸುಳ್ಳು ಹೇಳಬಾರದಾ?’ ಅಂದಳು. ಇಷ್ಟು ಚಿಕ್ಕ ವಿಮರ್ಶೆ ಯಾವ ಪತ್ರಿಕೆಯಲ್ಲಿ ಸಿಗುತ್ತದೆ ಹೇಳಿ.

ಹಾಗೆ ನೋಡಿದರೆ ನಮ್ಮ ಹುಡುಗರು ಎಂದೂ ತೀರ್ಪು ಕೊಡದೆ ಬಿಟ್ಟವರಲ್ಲ. ಬಾಲಮಂಗಳದಿಂದ ಒಂದೇ ನೆಗೆತಕ್ಕೆ ತ್ರಿವೇಣಿ, ಯಂಡಮೂರಿ, ತೇಜಸ್ವಿಗೆ ಹಾರಿದ ಪೀಳಿಗೆ ನಮ್ಮದು. ನಡುವೆ ಮೆಟ್ಟಿಲು ಇಟ್ಟವರು ಕಡಿಮೆ. ಸಮಾಜ ವಿಜ್ಞಾನದ ಪುಸ್ತಕದೊಳಗೆ ಕಾದಂಬರಿ ಅಡಗಿಸಿಟ್ಟು ಓದಿದ್ದೂ ಆಯಿತು. ಸರ್ಕ್ಯುಲೇಟಿಂಗ್ ಲೈಬ್ರರಿಯ ರಟ್ಟು ಹರಿದ ಪುಸ್ತಕಗಳ ಅಂಚು ನೋಡಿದ್ದೀರಲ್ಲ? ಪೆನ್ಸಿಲ್ಲಿನಲ್ಲಿ ‘ಸೂಪರ್’, ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಬೋರು, ದುಡ್ಡು ದಂಡ’, ಅದಕ್ಕೂ ಕೆಳಗೆ ‘ನಿನಗೆ ಬುದ್ಧಿ ಇಲ್ಲ’. ಪತ್ತೇದಾರಿಯಾದರಂತೂ ಮೂರನೇ ಪುಟದಲ್ಲೇ ‘ಕೊಲೆಗಾರ ಡ್ರೈವರ್ ಅಲ್ಲ, ಡಾಕ್ಟರು’ ಎಂದು ಬರೆದಿಡುವ ಪುಣ್ಯಾತ್ಮರು.

ಇಲ್ಲೂ ಮಕ್ಕಳ ಓಟಿನ ಪ್ರಶಸ್ತಿಯೊಂದನ್ನು ಮಾಡಿ ನೋಡೋಣ ಅಂತೀರಾ? ಮಾಡಬಹುದು. ಎಸ್ಸೆಸ್ಸೆಲ್ಸಿ ವರ್ಷ ಕಥೆಪುಸ್ತಕವೇ ಎಂದು ತಾಯ್ತಂದೆಯರು ಗದರುತ್ತಾರೆ, ಜಿಲ್ಲಾವಾರು ಪ್ರಾತಿನಿಧ್ಯ ಬೇಕೆಂದು ಯಾರೋ ಹೇಳಿಕೆ ಕೊಡುತ್ತಾರೆ, ಸೋತ ಸಾಹಿತಿಗಳು ಮರುಎಣಿಕೆ ಕೇಳುತ್ತಾರೆ. ಅದೆಲ್ಲ ಹೇಗೋ ನಡೆದೀತು. ನನ್ನ ಚಿಂತೆ ಬೇರೆ: ನಮ್ಮ ಹುಡುಗರು ಮತಪತ್ರದ ಮೇಲೂ ಕೊಲೆಗಾರನ ಹೆಸರು ಬರೆದುಬಿಟ್ಟರೆ, ಇನ್ನೂ ಪುಸ್ತಕ ಓದದ ಎಣಿಕೆ ಅಧಿಕಾರಿಗಳ ಗತಿಯೇನು?