ನೀರಿನಲ್ಲಿ ಕಲಿತ ಕನ್ನಡ

ಮಗಳ ಮನೆಗೆಂದು ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಒಂದು ಕನ್ನಡ ಅಕ್ಷರಮಾಲೆ ಪುಸ್ತಕವಿತ್ತು. ನಾಲ್ಕು ವರ್ಷದ ಮೊಮ್ಮಗ ಅದನ್ನು ತೆರೆಯಲೇ ಇಲ್ಲ. ಕನ್ನಡದಲ್ಲಿ ಏನು ಕೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ. "ಅವನಿಗೆ ಅರ್ಥ ಆಗತ್ತಮ್ಮ, ಮಾತಾಡಲ್ಲ ಅಷ್ಟೆ" ಅಂತಿದ್ದಳು ಮಗಳು. ಮೊಮ್ಮಗನ ಬಾಯಲ್ಲಿ ಒಂದು ಮಾತೂ ಕೇಳದೆ ಊರಿಗೆ ವಾಪಸ್ ಹೋಗ್ತೀನೇನೋ ಅನ್ನೋ ಸಂಕಟ ನನಗೆ.

ಶನಿವಾರ ಅವನಿಗೆ ಈಜಿನ ಕ್ಲಾಸು. ದಡದಲ್ಲಿ ಕೂತು ನೋಡುತ್ತಿದ್ದೆ. ಟೀಚರ್ ಹೇಳೋದೆಲ್ಲ ಪುಟ್ಟ ಪುಟ್ಟ ಮಾತು: ಒಳಗೆ, ಹೊರಗೆ, ಕಾಲು ಬಡಿ, ಉಸಿರು ಬಿಡು. ಹೇಳುತ್ತಲೇ ಮಾಡಿ ತೋರಿಸ್ತಾರೆ, ಮಕ್ಕಳೂ ಮಾಡ್ತಾರೆ. ಮೂರು ಎಣಿಸಿದ ಮೇಲೇ ಜಿಗಿಯಬೇಕು, ಹಾಗಾಗಿ ಕಿವಿಗೊಡಲೇಬೇಕು. ಕೊಳದಂಚಿನ ಅಂಕಿಗಳನ್ನೂ 'ಡೀಪ್' ಅನ್ನೋ ಪದವನ್ನೂ ಅವನು ಆಗಲೇ ಗುರುತು ಹಿಡಿಯುತ್ತಿದ್ದ.

ಅಲ್ಲಿನ ಗ್ರಿಫಿತ್ ವಿಶ್ವವಿದ್ಯಾಲಯ ಐದು ವರ್ಷದೊಳಗಿನ ಸುಮಾರು 7000 ಮಕ್ಕಳ ಪೋಷಕರನ್ನು ಕೇಳಿ ಅಧ್ಯಯನ ಮಾಡಿತ್ತು. ಈಜು ಕಲಿಯುವ ಮಕ್ಕಳು ಮಾತು, ಎಣಿಕೆಯಲ್ಲಿ ಮುಂದಿರುವುದು ಅದರಲ್ಲಿ ಕಂಡುಬಂತು. ಹೆಚ್ಚಾಗಿ ಅಪ್ಪ ಅಮ್ಮಂದಿರೇ ಹೇಳಿದ ಮಾತದು. ಎಲ್ಲಕ್ಕೂ ಈಜೇ ಕಾರಣ ಅನ್ನಲಾಗದು. ಆದರೂ ನಾನೂ ಒಮ್ಮೆ ನೋಡೋಣ ಅನ್ನಿಸಿತು.

ಭಾನುವಾರ ಸೌತ್ ಬ್ಯಾಂಕಿಗೆ ಹೋದೆವು. 1988ರ ವಿಶ್ವ ಮೇಳ ನಡೆದ ನದಿದಂಡೆ ಅದು. ಅಲ್ಲಿ ಮರಳು ಹಾಸಿ ಮಾಡಿದ ಸ್ಟ್ರೀಟ್ಸ್ ಬೀಚ್ ಇದೆ. ಪ್ರವೇಶ ಉಚಿತ, ಕಾಯಲು ಜೀವರಕ್ಷಕರೂ ಇರುತ್ತಾರೆ. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದೆ.

"ಮುಳುಗು!" ಅಂದೆ. ಮುಳುಗಿದ.

"ಏಳು!" ಎದ್ದ.

"ಗುಳ್ಳೆ ಬಿಡು!" ಬುಳುಬುಳು ಬಿಟ್ಟ.

ಹತ್ತು ಸಲ ಆದಮೇಲೆ ಮುಖದ ನೀರು ಒರೆಸಿಕೊಂಡು, "ಅಜ್ಜಿ, ನೀನು ಮುಲುಗು!" ಅಂದ.

ಸೀರೆ ಗೀರೆ ನೋಡದೆ ಕೂತೇಬಿಟ್ಟೆ, ಕುತ್ತಿಗೆವರೆಗೂ ನೀರು. ಅವನು ಕೇಕೆ ಹಾಕಿ ನಕ್ಕ.

ರಾತ್ರಿ ತಾನೇ ಪುಸ್ತಕ ತಂದು "ಮುಲುಗು ಎಲ್ಲಿ?" ಅಂತ ಕೇಳಿದ. 'ಮ' ಪುಟದಲ್ಲಿ ಮರ ಮಾತ್ರ ಇತ್ತು. ಪಕ್ಕದಲ್ಲೇ ಪೆನ್ಸಿಲಿನಲ್ಲಿ 'ಮುಳುಗು' ಎಂದು ಬರೆದುಕೊಟ್ಟೆ. ಅದರ ಮೇಲೆ ಬೆರಳಾಡಿಸಿದ.

ಮೊಮ್ಮಕ್ಕಳು ಮಾತಾಡಲ್ಲ ಅಂತ ಕೊರಗುವ ಅಜ್ಜಿಯರೇ, ಕೊಳ ಇಲ್ಲದಿದ್ದರೆ ಬಚ್ಚಲುಮನೆಯ ಬಕೆಟ್ಟೂ ಆದೀತು. ಮಗುವಿನ ಪಕ್ಕ ಬಿಟ್ಟು ಮಾತ್ರ ಏಳಬೇಡಿ.