ಜೂನ್ 1ರಂದು ಹುಟ್ಟಿದವರ ಶಾಲೆ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅರವತ್ತು ದಾಟಿದವರನ್ನು ಕೇಳಿ ನೋಡಿ, ಬಹಳಷ್ಟು ಜನ ಹುಟ್ಟಿದ್ದು ಜೂನ್ 1ರಂದು. ನಮ್ಮ ದಾದಿಯದೂ ಅದೇ, ಅವರ ಇಬ್ಬರು ತಮ್ಮಂದಿರದೂ ಅದೇ. ಶಾಲೆ ಸುರುವಾಗುವುದು ಜೂನ್‌ನಲ್ಲಿ. ಸೇರಿಸಲು ಬಂದ ತಂದೆಗೆ ಮಗುವಿನ ತಾರೀಖು ಗೊತ್ತಿರುತ್ತಿರಲಿಲ್ಲ. ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೆಂದರೆ ವಯಸ್ಸಾಯಿತು, ಜೂನ್ 1 ಎಂದು ಬರೆದು ಒಂದನೇ ಇಯತ್ತೆಗೆ ಕೂಡಿಸುತ್ತಿದ್ದರು. ಓಣಿಗೆಲ್ಲ ಹುಟ್ಟಿದ ದಿನ ಕೊಟ್ಟ ಆ ಸರಕಾರಿ ಉರ್ದು ಶಾಲೆ ಈಗ ಇಲ್ಲ.

ಶಾಲೆಗೆ ಹೆಸರಿರಲಿಲ್ಲ, ನಂಬರ್ ಇತ್ತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ ತರಗತಿಗೆ ‘ಇಯತ್ತೆ’ ಎಂದೂ ಏಳನೆಯದರ ಪರೀಕ್ಷೆಗೆ ‘ಮುಲ್ಕಿ’ ಎಂದೂ ಹಿರಿಯರು ಇಂದಿಗೂ ಅನ್ನುತ್ತಾರೆ. ಮುಲ್ಕಿ ಪಾಸಾದವರು ಆಗ ಮಾಸ್ತರಿಕೆಗೆ ಸೇರಬಹುದಿತ್ತು. ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದಾಗ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ (1834–1881) ಹೆಸರು ನಮಗೆಲ್ಲ ಗೊತ್ತು. ಮಗು ಮನೆಮಾತಿನಲ್ಲಿ ಕಲಿಯಲಿ ಎಂಬ ಮಾತು ನಮ್ಮ ಉರ್ದು ಶಾಲೆಗೂ ಸಲ್ಲುತ್ತದೆ ಎಂದು ನನಗನ್ನಿಸುತ್ತದೆ. ನಾನು ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ.

2013ರಲ್ಲಿ ನಾನು ಸೇರಿದಾಗ ನಮ್ಮ ವರ್ಗದಲ್ಲಿ ಹನ್ನೊಂದು ಮಂದಿ. ಐದನೆಯದಕ್ಕೆ ಬರುವಾಗ ಮೂವರು. ಎಲ್ಲರಿಗೂ ಇಂಗ್ಲಿಷ್ ಬೇಕಿತ್ತು, ಅದರಲ್ಲಿ ತಪ್ಪೇನು? ಆದರೆ ಇನ್ನೊಂದೂ ನಡೆಯಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ. 25 ಸೀಟುಗಳಿಗೆ ಸರಕಾರವೇ ಫೀ ತುಂಬುತ್ತಿತ್ತು. ತನ್ನ ಶಾಲೆಯ ಮಕ್ಕಳನ್ನು ತಾನೇ ದುಡ್ಡು ಕೊಟ್ಟು ಆಚೆ ಕಳಿಸಿದಂತಾಯಿತು. ಹತ್ತಿರ ಸರಕಾರಿ ಶಾಲೆ ಇದ್ದರೆ ಆ ಸೀಟಿಲ್ಲ ಎಂದು ನಿಯಮ ಬದಲಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ವರ್ಷ, 28,847 ಶಾಲೆಗಳನ್ನು 8,530 ಶಾಲೆಗಳಲ್ಲಿ ವಿಲೀನಗೊಳಿಸುವ ಮಾತು ರಾಜ್ಯದ ಬಜೆಟ್ಟಿನಲ್ಲೇ ಬಂದಿತ್ತು. ನಮ್ಮ ಶಾಲೆಗೆ ಬೀಗ ಬಿದ್ದದ್ದೂ ಆ ಹೊತ್ತಿಗೇ. ‘ಬಂದ್’ ಎಂದು ಯಾರೂ ಅನ್ನಲಿಲ್ಲ, ‘ವಿಲೀನ’ ಅಂದರು. ಒಂದರಿಂದ ಐದನೆಯ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬುದು ನಿಯಮ. ಹೊಸ ಶಾಲೆ ಅಷ್ಟರೊಳಗೇ ಇದೆ ನಿಜ. ನಡುವೆ ಲಾರಿ ಓಡಾಡುವ ರಸ್ತೆ ಇರುವುದು ಕಿಲೋಮೀಟರಿನ ಲೆಕ್ಕಕ್ಕೆ ಬರುವುದಿಲ್ಲ.

ಕಳೆದ ವರ್ಷ ದಾದಿ ಉಮ್ರಾಗೆ ಹೊರಟಾಗ ಪಾಸ್‌ಪೋರ್ಟ್ ಮಾಡಿಸಬೇಕಾಯಿತು. ಆಧಾರಿನಲ್ಲಿ ಒಂದು ವಯಸ್ಸು, ಮತದಾರರ ಚೀಟಿಯಲ್ಲಿ ಇನ್ನೊಂದು. ಶಾಲೆಯ ಉತಾರ ತನ್ನಿ ಅಂದರು. ವಿಲೀನವಾದ ಶಾಲೆಗೆ ಹೋದೆವು. “ಟ್ರಂಕಿನ್ಯಾಗ ಹುಡುಕಬೇಕ್ರಿ ಅಮ್ಮಾ, ಯಾವ ವರ್ಷ ಅಂತ ಹೇಳ್ರಿ,” ಅಂದರು ಅಲ್ಲಿನ ಗುರುಗಳು. ವರ್ಷ ಗೊತ್ತಿದ್ದರೆ ನಾವೇಕೆ ಹೋಗುತ್ತಿದ್ದೆವು! ಮೂರು ದಿನ ಹುಡುಕಿದ ಮೇಲೆ 1963ರ ಪುಸ್ತಕದಲ್ಲಿ ಸಿಕ್ಕಿತು. ದಾದಿಯ ಹೆಸರು, ಅವರ ಅಬ್ಬಾನ ಹೆಸರು, ಧಂದೆ: ಗಿರಣಿ ಕೂಲಿ. ಜನ್ಮ ದಿನಾಂಕ: 1-6-1957. ಶಾಲೆ ಬಿಟ್ಟ ಕಾರಣದ ಕಾಲಮಿನಲ್ಲಿ ‘ಸತತ ಗೈರುಹಾಜರಿ’ ಎಂದಿತ್ತು.

ಓದಿ ಹೇಳಿದೆ. ದಾದಿಗೆ ಸಿಟ್ಟೇ ಬಂತು. ಮೂರನೇ ಇಯತ್ತೆಯಲ್ಲಿದ್ದಾಗ ತಮ್ಮ ಹುಟ್ಟಿದನಂತೆ. ಅವನನ್ನು ಸೊಂಟದ ಮೇಲೆ ಕೂಡಿಸಿಕೊಂಡು ದಿನಾ ಶಾಲೆಗೆ ಹೋಗುತ್ತಿದ್ದರಂತೆ. ಕೂಸು ಅಳುತ್ತದೆಂದು ಒಳಗೆ ಬಿಡದಿದ್ದಾಗ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತು ಮಗ್ಗಿ ಕೇಳುತ್ತಿದ್ದರಂತೆ. “ನಾನು ಒಂದು ದಿನವೂ ತಪ್ಪಿಸಿಲ್ಲ, ಅದನ್ನೂ ಬರೆಯಲು ಹೇಳು,” ಅಂದರು. ಹದಿನಾರರ ಮಗ್ಗಿಯನ್ನು ಅಲ್ಲಿಯೇ ಒಂದೂ ತಪ್ಪದೆ ಒಪ್ಪಿಸಿದರು. ಗುರುಗಳು ನಕ್ಕು ಉತಾರಕ್ಕೆ ಸಿಕ್ಕಾ ಒತ್ತಿದರು.

ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ ಈಗ ಅಂಗನವಾಡಿ ನಡೆಯುತ್ತದೆ. ಉಳಿದದ್ದನ್ನು ಚುನಾವಣೆಗೆ ತೆರೆಯುತ್ತಾರೆ. 2024ರ ಮೇ 7ರಂದು ದಾದಿ ಮತ ಹಾಕಿದ್ದು ಅಲ್ಲೇ, ಅವರನ್ನು ಒಳಗೆ ಬಿಡದಿದ್ದ ಅದೇ ಕೋಣೆಯಲ್ಲಿ.

ಗೆಳೆಯರೇ, ನಿಮ್ಮ ಓಣಿಯ ಶಾಲೆಯೂ ಹೀಗೆ ವಿಲೀನವಾಗಿದ್ದರೆ ಮನೆಯ ಹಿರಿಯರ ಉತಾರವನ್ನು ಈ ರಜೆಯಲ್ಲೇ ತೆಗೆಸಿಡಿ. ನಾವು ನೋಡಿದ ಟ್ರಂಕಿನ ತಳದ ನಾಲ್ಕು ಪುಸ್ತಕಗಳಿಗೆ ಆಗಲೇ ಗೆದ್ದಲು ಹತ್ತಿತ್ತು.